ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: ದೂರವನ್ನೂ ಹೊತ್ತನ್ನೂ ನೀವೇ ಲೆಕ್ಕ ಹಾಕುವುದು ಹೇಗೆ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ಹೊತ್ತಿನ ಪ್ರಯಾಣ? ಒಬ್ಬರು ಹದಿನಾರು ಗಂಟೆ ಎನ್ನುತ್ತಾರೆ. ಇನ್ನೊಬ್ಬರ ಟಿಕೆಟ್ಟಿನಲ್ಲಿ ಇಪ್ಪತ್ತಮೂರು ಗಂಟೆ ಎಂದಿರುತ್ತದೆ. ಬರೀ ಗಡಿಯಾರ ನೋಡಿದವರಿಗೆ ಮಧ್ಯಾಹ್ನ ಹತ್ತಿ ಅದೇ ದಿನ ಸಂಜೆ ಇಳಿದಂತೆ ಕಾಣುತ್ತದೆ. ಜಯನಗರದ ಮನೆ ಬಾಗಿಲಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಸನ್ನಿವೇಲ್‌ನ ಮನೆ ಬಾಗಿಲಿಗೆ ಲೆಕ್ಕ ಹಾಕಿದವರು ಪೂರ್ತಿ ಒಂದು ದಿನ ಹೋಯಿತು ಎನ್ನುತ್ತಾರೆ. ನಾಲ್ವರೂ ಹೇಳುತ್ತಿರುವುದು ನಿಜವೇ. ಅಳೆದದ್ದು ಮಾತ್ರ ನಾಲ್ಕು ಬೇರೆ ಬೇರೆ ಸಂಗತಿ. ಒಂದನ್ನು ಇನ್ನೊಂದರ ಜಾಗದಲ್ಲಿಟ್ಟಾಗ ಮಾತ್ರೆಯ ಹೊತ್ತು ತಪ್ಪುತ್ತದೆ, ಮುಂದಿನ ವಿಮಾನ ಕೈತಪ್ಪುತ್ತದೆ, ಕರೆದೊಯ್ಯಲು ಬಂದವರು ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಆದ್ದರಿಂದ ನಾಲ್ಕನ್ನೂ ಬೇರೆ ಬೇರೆಯಾಗಿಯೇ ಲೆಕ್ಕ ಹಾಕೋಣ. ಇಲ್ಲಿ ತೋರಿಸಿದ ಕ್ರಮ ಯಾವ ಎರಡು ಊರಿಗಾದರೂ ನಡೆಯುತ್ತದೆ.

ದೂರ: ಭೂಪಟ ಪಕ್ಕಕ್ಕಿಡಿ, ಗೋಲ ತೆಗೆದುಕೊಳ್ಳಿ

ಗೋಡೆಗೆ ತೂಗುಹಾಕಿದ ಭೂಪಟದ ಮೇಲೆ ಸ್ಕೇಲಿಟ್ಟು ಬೆಂಗಳೂರಿನಿಂದ ಪೂರ್ವಕ್ಕೆ, ಪೆಸಿಫಿಕ್ ಸಾಗರ ದಾಟಿಸಿ ಕ್ಯಾಲಿಫೋರ್ನಿಯಾಕ್ಕೆ ಗೆರೆ ಎಳೆದರೆ ಅದು ನೇರ ಕಾಣುತ್ತದೆ. ಆ ಗೆರೆಯ ಮೇಲೇ ಹಾರಿದರೆ ಸುಮಾರು 16,100 ಕಿ.ಮೀ. ಆಗುತ್ತದೆ. ನಿಜವಾದ ಅತಿ ಹತ್ತಿರದ ದಾರಿ ಇದಕ್ಕಿಂತ 2,100 ಕಿ.ಮೀ. ಕಡಿಮೆ. ಗುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವಾಗ ಉತ್ತರದ ಭಾಗಗಳು ಎಳೆದಂತೆ ಅಗಲವಾಗುತ್ತವೆ. ಹಾಗಾಗಿ ಕಾಗದದ ಮೇಲಿನ ನೇರ ಗೆರೆ ಭೂಮಿಯ ಮೇಲೆ ಬಳಸುದಾರಿಯಾಗುತ್ತದೆ.

ಇದನ್ನು ಕಣ್ಣಾರೆ ನೋಡಲು ಒಂದು ಗ್ಲೋಬ್ ಮತ್ತು ದಾರ ಸಾಕು. 30 ಸೆಂ.ಮೀ. ವ್ಯಾಸದ ಗ್ಲೋಬ್‌ನಲ್ಲಿ ಒಂದು ಸೆಂ.ಮೀ. ಅಂದರೆ ಸುಮಾರು 425 ಕಿ.ಮೀ. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿದು, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಒಯ್ದು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಜಾರಿ ಸೈಬೀರಿಯದ ಮೇಲೆ ಕೂರುತ್ತದೆ. ತೆಗೆದು ಅಳೆದರೆ ಸುಮಾರು 33 ಸೆಂ.ಮೀ. ಬರಬೇಕು, ಅಂದರೆ 14,000 ಕಿ.ಮೀ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಕರಾರುವಾಕ್ಕಾದ ಅಂಕಿ ಬೇಕಿದ್ದರೆ ಅಕ್ಷಾಂಶ, ರೇಖಾಂಶಗಳಿಂದ ಲೆಕ್ಕ ಹಾಕಬೇಕು. ಊರಿನ ನಡುಮಧ್ಯದ ಸ್ಥಾನವನ್ನಲ್ಲ, ವಿಮಾನ ನಿಲ್ದಾಣದ ಸ್ಥಾನವನ್ನು ತೆಗೆದುಕೊಳ್ಳಿ. ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇರುವುದು 13.1986 ಡಿಗ್ರಿ ಉತ್ತರ, 77.7066 ಡಿಗ್ರಿ ಪೂರ್ವದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ 37.6189 ಡಿಗ್ರಿ ಉತ್ತರ, 122.3750 ಡಿಗ್ರಿ ಪಶ್ಚಿಮದಲ್ಲಿ. ಪಶ್ಚಿಮ ರೇಖಾಂಶಕ್ಕೆ ಮೈನಸ್ ಚಿಹ್ನೆ ಹಾಕಬೇಕು: −122.3750. ಸೂತ್ರ ಇದು:

ಕೊಸೈನ್(ಕೋನ) = ಸೈನ್(ಅಕ್ಷಾಂಶ 1) × ಸೈನ್(ಅಕ್ಷಾಂಶ 2) + ಕೊಸೈನ್(ಅಕ್ಷಾಂಶ 1) × ಕೊಸೈನ್(ಅಕ್ಷಾಂಶ 2) × ಕೊಸೈನ್(ರೇಖಾಂಶಗಳ ವ್ಯತ್ಯಾಸ)

ಬೆಲೆಗಳನ್ನು ಹಾಕಿದರೆ ಮೊದಲ ಭಾಗ 0.1394, ಎರಡನೆಯದು −0.7243. ಕೂಡಿದರೆ −0.5849. ಇದರ ವಿಲೋಮ ಕೊಸೈನ್ 125.8 ಡಿಗ್ರಿ. ಭೂಮಿಯ ಮೇಲ್ಮೈಯಲ್ಲಿ ಒಂದು ಡಿಗ್ರಿ ಅಂದರೆ 111.195 ಕಿ.ಮೀ. ಎರಡನ್ನೂ ಗುಣಿಸಿದರೆ ಸುಮಾರು 13,990 ಕಿ.ಮೀ. ಭೂಮಿ ಪೂರ್ತಿ ಗುಂಡಗಿಲ್ಲವಾದ್ದರಿಂದ ಕೆಲವು ಹತ್ತು ಕಿ.ಮೀ. ಆಚೀಚೆ ಆಗಬಹುದು. ಪ್ರಯಾಣದ ಯೋಜನೆಗೆ 14,000 ಎಂದಿಟ್ಟುಕೊಂಡರೆ ಸಾಕು.

ಈ ಲೆಕ್ಕದಲ್ಲಿ ಎಡವುವುದು ಹೆಚ್ಚಾಗಿ ಮೂರು ಕಡೆ. ಲೆಕ್ಕದ ಉತ್ತರ 5,175 ಕಿ.ಮೀ. ಬಂದರೆ ಮೈನಸ್ ಹಾಕುವುದನ್ನು ಮರೆತಿದ್ದೀರಿ. ನೀವು ಅಳೆದದ್ದು ಕ್ಯಾಲಿಫೋರ್ನಿಯಾವನ್ನಲ್ಲ, ಚೀನಾದ ವೇಯ್‌ಹಾಯ್ ನಗರದ ಪಕ್ಕದ ಸಮುದ್ರವನ್ನು. ಅರ್ಥವೇ ಇಲ್ಲದ ಅಂಕಿ ಬಂದರೆ ಸ್ಪ್ರೆಡ್‌ಶೀಟ್ ಕೋನಗಳನ್ನು ರೇಡಿಯನ್ (ಕೋನ ಅಳೆಯುವ ಇನ್ನೊಂದು ಮಾನ) ಎಂದು ತಿಳಿದಿದೆ. ಡಿಗ್ರಿಯನ್ನು ಮೊದಲು ರೇಡಿಯನ್‌ಗೆ ಬದಲಿಸಿ. ಒಂದು ಕಡೆ 8,690, ಇನ್ನೊಂದು ಕಡೆ 7,550 ಎಂದು ಕಂಡರೆ ಗಾಬರಿ ಬೇಡ: ಮೊದಲನೆಯದು ಸಾಮಾನ್ಯ ಮೈಲಿ, ಎರಡನೆಯದು ನಾಟಿಕಲ್ ಮೈಲಿ. ವಿಮಾನದವರು ಬಳಸುವುದು ಎರಡನೆಯದನ್ನು. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ.

ಲೆಕ್ಕದ ಗೋಜೇ ಬೇಡ ಎನ್ನುವವರು ಗ್ರೇಟ್ ಸರ್ಕಲ್ ಮ್ಯಾಪರ್ ಎಂಬ ಜಾಲತಾಣದಲ್ಲಿ ಎರಡೂ ನಿಲ್ದಾಣಗಳ ಮೂರಕ್ಷರದ ಸಂಕೇತ ಬರೆದರೆ ದೂರವೂ ಗೆರೆಯೂ ಸಿಗುತ್ತವೆ. ಬೆಂಗಳೂರಿನ ಸಂಕೇತ ಬಿಎಲ್‌ಆರ್, ಸ್ಯಾನ್ ಫ್ರಾನ್ಸಿಸ್ಕೋದ್ದು ಎಸ್‌ಎಫ್‌ಒ.

ಆ ಗೆರೆಯ ಮೇಲೆ ಯಾರೂ ಹಾರುವುದಿಲ್ಲ

ಗೋಲದ ಮೇಲೆ ದಾರ ತೋರಿಸಿದ ಅತಿ ಹತ್ತಿರದ ದಾರಿಗೆ ಮಹಾವೃತ್ತ ಎನ್ನುತ್ತಾರೆ. ಆ ಗೆರೆ ಬೆಂಗಳೂರಿನಿಂದ ಹೊರಡುವಾಗ ಉತ್ತರಕ್ಕಿಂತ ಸುಮಾರು 20 ಡಿಗ್ರಿ ಪೂರ್ವಕ್ಕೆ ವಾಲಿರುತ್ತದೆ. ಛತ್ತೀಸಗಢ, ನೇಪಾಳ, ಟಿಬೆಟ್, ಶಿಂಜಿಯಾಂಗ್, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯ ದಾಟಿ 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರುತ್ತದೆ. ಅಲ್ಲಿಂದ ಅಲಾಸ್ಕಾದ ಮೇಲೆ ಇಳಿದು, ಅಲಾಸ್ಕಾ ಕೊಲ್ಲಿ ದಾಟಿ ಕ್ಯಾಲಿಫೋರ್ನಿಯಾ ಸೇರುತ್ತದೆ. ಕಾಗದದ ಮೇಲೆ ಚೆನ್ನ. ಹಾರಲು ಹೋದರೆ ಮೊದಲ ಅಡ್ಡಿ ಹಿಮಾಲಯ ದಾಟಿದ ಕೂಡಲೇ ಎದುರಾಗುತ್ತದೆ.

ವಿಮಾನದೊಳಗಿನ ಗಾಳಿಯ ಒತ್ತಡ ಇಳಿದುಹೋದರೆ ಪೈಲಟ್ ತಕ್ಷಣ ಸುಮಾರು 10,000 ಅಡಿಗೆ ಇಳಿಸಬೇಕು. ಪ್ರಯಾಣಿಕರ ತಲೆಯ ಮೇಲಿಂದ ಬೀಳುವ ಮುಖವಾಡಕ್ಕೆ ಆಮ್ಲಜನಕ ಸಿಗುವುದು ಸಾಮಾನ್ಯವಾಗಿ 12ರಿಂದ 22 ನಿಮಿಷ ಮಾತ್ರ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರಿಗೂ ಎತ್ತರ, ಅಂದರೆ ಹತ್ತಿರಹತ್ತಿರ 15,000 ಅಡಿ. ಇಳಿಯಲು ಜಾಗವೇ ಇಲ್ಲ. ಅದಕ್ಕಾಗಿ ಹೆಚ್ಚಿನ ವಿಮಾನಗಳು ಈ ಪ್ರಸ್ಥಭೂಮಿಯನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತವೆ.

ಎರಡನೆಯ ಅಡ್ಡಿ ದೇಶಗಳ ಜಗಳ. 2022ರಿಂದ ಅಮೆರಿಕದ ವಿಮಾನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿದೆ. ಭಾರತದ ಕಂಪನಿಗಳಿಗೆ ಆ ತಡೆ ಬರಲಿಲ್ಲ. ಹಾಗಾಗಿ ಅದೇ ಎರಡು ಊರುಗಳ ನಡುವೆ ಬೇರೆ ಬೇರೆ ಕಂಪನಿಯ ವಿಮಾನ ಬೇರೆ ಬೇರೆ ದೂರ ಹಾರಬೇಕಾಗುತ್ತದೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದ ಮೇಲೆ ದೆಹಲಿಯಿಂದ ಉತ್ತರ ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ಇಂಧನ ತುಂಬಿಸಿಕೊಳ್ಳಲು ವಿಯೆನ್ನಾದಂಥ ಊರಿನಲ್ಲಿ ಇಳಿಯಬೇಕಾಯಿತು. ಹೋದ ವರ್ಷ ನೆಂಟರೊಬ್ಬರು ಹೇಳಿದ ಗಂಟೆಯ ಲೆಕ್ಕ ಈ ವರ್ಷಕ್ಕೆ ನಡೆಯದಿರುವುದು ಇದೇ ಕಾರಣಕ್ಕೆ.

ಮೂರನೆಯದು ಧ್ರುವದ ಚಳಿ. ವಿಮಾನದ ಇಂಧನವಾದ ಜೆಟ್ ಎ-1 ಹೆಪ್ಪುಗಟ್ಟುವ ಮಟ್ಟ −47 ಡಿಗ್ರಿ ಸೆಲ್ಸಿಯಸ್. ಧ್ರುವದ ಮೇಲಿನ ಗಾಳಿ ಇದಕ್ಕಿಂತ ತಣ್ಣಗಿರಬಹುದು. ಗಂಟೆಗಟ್ಟಲೆ ಆ ಚಳಿಯಲ್ಲಿ ಹಾರುವಾಗ ಟ್ಯಾಂಕಿನ ಇಂಧನದ ಉಷ್ಣತೆಯ ಮೇಲೆ ಕಣ್ಣಿಟ್ಟು, ಬೇಕಾದರೆ ಎತ್ತರ ಇಳಿಸಬೇಕಾಗುತ್ತದೆ ಅಥವಾ ವೇಗ ಏರಿಸಬೇಕಾಗುತ್ತದೆ. ಹಾಗಿದ್ದೂ ಧ್ರುವದ ದಾರಿಯಲ್ಲಿ ಹಾರುತ್ತಾರೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲೆ ಹಾರಿಸಿ ತಂದರು. ಗೆರೆಯ ಲೆಕ್ಕ 14,000 ಕಿ.ಮೀ., ಹಾರಿದ್ದು ಆಗಿನ ವರದಿಗಳ ಪ್ರಕಾರ ಸುಮಾರು 16,000 ಕಿ.ಮೀ., ಹಿಡಿದದ್ದು ಸುಮಾರು 17 ಗಂಟೆ.

ಅಂದಾಜಿಗೆ ಹೀಗೆ ಮಾಡಿ: ಎಲ್ಲ ಆಕಾಶವೂ ತೆರೆದಿದ್ದರೆ ಗೆರೆಯ ದೂರಕ್ಕೆ ನೂರಕ್ಕೆ ನಾಲ್ಕೈದು ಸೇರಿಸಿ, ಬಳಸುದಾರಿ ಖಚಿತವಿದ್ದರೆ ಹತ್ತರಿಂದ ಹದಿನೈದು.

ಹಾರುವ ಹೊತ್ತು

ದೂರದ ವಿಮಾನಗಳು ಶಬ್ದದ ವೇಗದ 0.84ರಷ್ಟರಲ್ಲಿ ಸಾಗುತ್ತವೆ. ಆ ಎತ್ತರದ ಚಳಿಯಲ್ಲಿ ಅದು ಗಂಟೆಗೆ ಸುಮಾರು 890 ಕಿ.ಮೀ. ಆದರೆ ಇದು ಗಾಳಿಯೊಳಗಿನ ವೇಗ. ನೆಲದ ಮೇಲೆ ಎಷ್ಟು ಮುಂದೆ ಸಾಗಿತು ಎಂಬುದು ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದನ್ನು ಅವಲಂಬಿಸಿದೆ. ತುಂಬಿ ಹರಿಯುವ ಹೊಳೆಯಲ್ಲಿ ತೆಪ್ಪ ಹಾಕಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಂಟೆಗೆ ನೂರು, ಇನ್ನೂರು ಕಿ.ಮೀ. ವೇಗದಲ್ಲಿರುತ್ತದೆ, ಚಳಿಗಾಲದಲ್ಲಿ ಇನ್ನೂ ಬಿರುಸು. ದಾರಿಯುದ್ದಕ್ಕೂ ಅದು ಸಿಗುವುದಿಲ್ಲ, ಹಾಗಾಗಿ ಇಡೀ ಪ್ರಯಾಣದ ಸರಾಸರಿಗೆ 40 ಕಿ.ಮೀ. ಎಂದು ಹಿಡಿಯೋಣ.

ಹಾರುವ ದೂರ 14,500 ಕಿ.ಮೀ. ಎಂದುಕೊಳ್ಳಿ. ಹೋಗುವಾಗ ಪೂರ್ವಕ್ಕೆ ಹಾರಿದರೆ ಗಾಳಿ ಬೆನ್ನಿಗಿದ್ದು ನೆಲದ ವೇಗ 930; 14,500 ಭಾಗಿಸು 930 ಅಂದರೆ 15 ಗಂಟೆ 35 ನಿಮಿಷ. ಬರುವಾಗ ಅದೇ ದಾರಿಯಲ್ಲಿ ಗಾಳಿ ಎದುರಾಗಿ ನೆಲದ ವೇಗ 850. 17 ಗಂಟೆ 5 ನಿಮಿಷ. ಎರಡಕ್ಕೂ 40 ನಿಮಿಷ ಸೇರಿಸಿ. ಗೇಟ್ ಬಿಟ್ಟು ರನ್‌ವೇಗೆ ತೆವಳುವುದು, ಸರದಿ ಕಾಯುವುದು, ಏರುವಾಗ ಇಳಿಯುವಾಗ ವೇಗ ಕಡಿಮೆಯಿರುವುದು, ಇಳಿದ ಮೇಲೆ ಮತ್ತೆ ಗೇಟಿಗೆ ಸೇರುವುದು ಎಲ್ಲ ಇದರಲ್ಲಿ ಬಂತು. ಹೋಗುವುದಕ್ಕೆ 16 ಗಂಟೆ 15 ನಿಮಿಷ, ಬರುವುದಕ್ಕೆ 17 ಗಂಟೆ 45 ನಿಮಿಷ. ಒಂದೂವರೆ ಗಂಟೆಯ ವ್ಯತ್ಯಾಸ ಬರೀ ಗಾಳಿಯದ್ದು.

ವೇಳಾಪಟ್ಟಿಯಲ್ಲಿ ಅಚ್ಚಾಗುವುದು ಈ ಗೇಟಿನಿಂದ ಗೇಟಿಗೆ ಹಿಡಿಯುವ ಹೊತ್ತು. ಅದಕ್ಕೆ ವಿಮಾನಯಾನದಲ್ಲಿ ಬ್ಲಾಕ್ ಟೈಮ್ ಎನ್ನುತ್ತಾರೆ. ಕಂಪನಿಗಳು ತಡವಾಯಿತು ಅನ್ನಿಸಿಕೊಳ್ಳಬಾರದೆಂದು ಅದರಲ್ಲಿ ಒಂದಿಷ್ಟು ಹೆಚ್ಚುವರಿ ನಿಮಿಷ ಅಡಗಿಸಿಡುತ್ತವೆ. 'ಅರ್ಧ ಗಂಟೆ ಮೊದಲೇ ಇಳಿದೆವು' ಎಂಬ ಘೋಷಣೆ ಕೇಳಿ ಪೈಲಟ್ ಜೋರಾಗಿ ಓಡಿಸಿದರು ಎಂದು ಹಿಗ್ಗಬೇಕಿಲ್ಲ.

ದೂರ ಹೆಚ್ಚಾದರೆ ಹೊತ್ತೂ ಹೆಚ್ಚು ಎಂಬುದು ಯಾವಾಗಲೂ ನಿಜವಲ್ಲ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ದಾರಿ ಬಿಡಿಸಿ ಪೆಸಿಫಿಕ್ ದಾರಿಯಲ್ಲಿ ಕಳಿಸಿತು. ದಾರಿ ಉದ್ದವಾಗಿ ಸುಮಾರು 15,300 ಕಿ.ಮೀ. ಆಯಿತು, ಆದರೂ ಹದಿನಾಲ್ಕೂವರೆ ಗಂಟೆಯಲ್ಲೇ ತಲುಪಿತು. ಬೆನ್ನಿಗೆ ಬಿದ್ದ ಗಾಳಿಯ ಕೃಪೆ. ಪ್ರತಿ ಹಾರಾಟಕ್ಕೂ ಹೊರಡುವ ಕೆಲವು ಗಂಟೆ ಮುಂಚೆ ಆ ದಿನದ ಗಾಳಿ ನೋಡಿ ದಾರಿ ಗೊತ್ತುಮಾಡುತ್ತಾರೆ. ಇವತ್ತಿನ ದಾರಿ ನಾಳೆ ಇರುವುದಿಲ್ಲ.

ನಿಮ್ಮ ವಿಮಾನಕ್ಕೆ ನಂಬಬಹುದಾದ ಅಂಕಿ ಬೇಕೆಂದರೆ ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್‌ನಲ್ಲಿ ವಿಮಾನದ ಸಂಖ್ಯೆ ಹಾಕಿ, ಹಿಂದಿನ ಒಂದು ವಾರದ ನಿಜವಾದ ಹೊರಟ ಹೊತ್ತು, ಇಳಿದ ಹೊತ್ತು ನೋಡಿ. ಏಳು ದಿನದಲ್ಲಿ ಅತಿ ಹೆಚ್ಚು ಹಿಡಿದ ದಿನವನ್ನು ಯೋಜನೆಗೆ ಇಟ್ಟುಕೊಳ್ಳಿ, ಸರಾಸರಿಯನ್ನಲ್ಲ. ದೂರವನ್ನು 800ರಿಂದಲೋ 900ರಿಂದಲೋ ಭಾಗಿಸಿ 'ಪ್ರಯಾಣದ ಸಮಯ' ಎಂದು ತೋರಿಸುವ ಜಾಲತಾಣಗಳಿಗೆ ಗಾಳಿಯೂ ಗೊತ್ತಿಲ್ಲ, ರಷ್ಯಾವೂ ಗೊತ್ತಿಲ್ಲ.

ನಡುವೆ ಇಳಿದು ಹೋಗುವುದಾದರೆ

ಇಷ್ಟು ದೂರ ಒಂದೇ ಉಸಿರಿಗೆ ಹಾರುವ ವಿಮಾನಗಳೇ ಕಡಿಮೆ. ಈ ದಾರಿಗೆ ಬಳಸಿದ ಬೋಯಿಂಗ್ 777-200ಎಲ್‌ಆರ್ ಒಮ್ಮೆ ತುಂಬಿಸಿದರೆ ಸುಮಾರು 15,800 ಕಿ.ಮೀ. ಹಾರಬಲ್ಲದು, 14,000ದ ದಾರಿಗೆ ಸುತ್ತು ಸೇರಿದರೆ ಉಳಿಯುವ ಅಂತರ ದೊಡ್ಡದೇನಲ್ಲ. ಹಾಗಾಗಿ ಇಂಥ ನೇರ ಸೇವೆಗಳು ಶುರುವಾಗುತ್ತವೆ, ನಿಲ್ಲುತ್ತವೆ, ಮತ್ತೆ ಶುರುವಾಗುತ್ತವೆ. ಟಿಕೆಟ್ ನೋಡುವ ದಿನ ನಿಮ್ಮ ತಾರೀಖಿಗೆ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. 'ಡೈರೆಕ್ಟ್' ಎಂಬ ಮಾತಿಗೂ ಮೋಸಹೋಗಬೇಡಿ. ಒಂದೇ ವಿಮಾನ ಸಂಖ್ಯೆ ಇದ್ದರೆ ನಡುವೆ ಒಂದು ಕಡೆ ಇಳಿದು ಹೊರಟರೂ ಅದು ಡೈರೆಕ್ಟ್ ಎನಿಸಿಕೊಳ್ಳುತ್ತದೆ. ಎಲ್ಲೂ ಇಳಿಯದ್ದು ನಾನ್‌ಸ್ಟಾಪ್. ಹುಡುಕುವಾಗ ನಾನ್‌ಸ್ಟಾಪ್ ಎಂದೇ ಗುರುತು ಹಾಕಿ.

ನಡುವೆ ಇಳಿಯುವ ಊರನ್ನು ಆರಿಸುವಾಗ ದೂರದ ಲೆಕ್ಕ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಎರಡೂ ತುಂಡುಗಳ ಮಹಾವೃತ್ತದ ದೂರ ಕೂಡಿ ನೋಡಿ:

ದೆಹಲಿ ಮೂಲಕ: 1,710 + 12,380 = 14,090 ಕಿ.ಮೀ.
ಹಾಂಗ್‌ಕಾಂಗ್ ಮೂಲಕ: 3,955 + 11,130 = 15,085 ಕಿ.ಮೀ.
ದುಬೈ ಮೂಲಕ: 2,695 + 13,020 = 15,715 ಕಿ.ಮೀ.
ಫ್ರಾಂಕ್‌ಫರ್ಟ್ ಮೂಲಕ: 7,400 + 9,150 = 16,550 ಕಿ.ಮೀ.
ಸಿಂಗಪುರ ಮೂಲಕ: 3,180 + 13,580 = 16,760 ಕಿ.ಮೀ.

ದೆಹಲಿ ಹೆಚ್ಚುಕಡಿಮೆ ದಾರಿಯ ಮೇಲೇ ಇದೆ, ನೂರು ಕಿ.ಮೀ. ಸುತ್ತು ಅಷ್ಟೆ. ಸಿಂಗಪುರ ಪೂರ್ವದಲ್ಲಿದೆ, ಅಮೆರಿಕಕ್ಕೆ ಹತ್ತಿರವಾದಂತೆ ಎಂದು ಅನ್ನಿಸುವುದು ಮತ್ತೆ ಗೋಡೆಯ ಭೂಪಟದ ಭ್ರಮೆ. ಅದು ಸಮಭಾಜಕದ ಪಕ್ಕದಲ್ಲಿರುವುದರಿಂದ ಬೆಂಗಳೂರಿನಿಂದ ಅಲ್ಲಿಗೆ ಹೋಗಿಯೂ ಉಳಿಯುವ ದೂರ 400 ಕಿ.ಮೀ. ಮಾತ್ರ ಕಡಿಮೆ.

ಆದರೆ ಮೈಗೆ ಯಾವುದು ಹಿತ ಎಂಬ ಲೆಕ್ಕ ಬೇರೆ. ದುಬೈ ಮೂಲಕ ಹೋದರೆ ನಾಲ್ಕು ಗಂಟೆ, ಆಮೇಲೆ ಹದಿನಾರು ಗಂಟೆ. ಕೂತಲ್ಲೇ ಕೂರುವ ಕಷ್ಟ ನೇರ ವಿಮಾನದಷ್ಟೇ, ಮೇಲೆ ನಡುರಾತ್ರಿಯ ನಿಲ್ದಾಣದ ಅಲೆದಾಟ ಬೇರೆ. ಫ್ರಾಂಕ್‌ಫರ್ಟ್ ಮೂಲಕ ಹೋದರೆ ಸುಮಾರು ಹತ್ತು ಗಂಟೆ, ಹನ್ನೊಂದೂವರೆ ಗಂಟೆ: ಪ್ರಯಾಣ ಹೆಚ್ಚುಕಡಿಮೆ ಅರ್ಧಕ್ಕೆ ಮುರಿಯುತ್ತದೆ. ಮಂಡಿನೋವಿನ ಅಪ್ಪ ಅಮ್ಮ ಮೊದಲ ಸಲ ಹೋಗುತ್ತಿದ್ದರೆ ದುಬೈ ದಾರಿಗಿಂತ 800 ಕಿ.ಮೀ. ಹೆಚ್ಚಾದರೂ ಈ ದಾರಿಯೇ ವಾಸಿ. ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಮಾಡಿಸುವಾಗಲೇ ಕೇಳಿ, ಕೊನೆಯ ಪಕ್ಷ 48 ಗಂಟೆ ಮೊದಲು. ನಿಲ್ದಾಣಕ್ಕೆ ಹೋಗಿ ಕೇಳಿದರೆ ಸಿಗಬಹುದು, ಸಿಗದೆಯೂ ಇರಬಹುದು.

ನಡುವಿನ ಕಾಯುವಿಕೆಗೆ ಎರಡೂವರೆಯಿಂದ ನಾಲ್ಕು ಗಂಟೆ ಒಳ್ಳೆಯ ಅಳತೆ. ಒಂದೂವರೆ ಗಂಟೆಯದನ್ನು ಜಾಲತಾಣ ಮಾರುತ್ತದೆ ಎಂದ ಮಾತ್ರಕ್ಕೆ ಕೊಳ್ಳಬೇಡಿ. ಬೆಂಗಳೂರಿನಲ್ಲಿ ನಲವತ್ತು ನಿಮಿಷ ತಡವಾದರೆ ಅದು ಓಟದ ಪಂದ್ಯವಾಗುತ್ತದೆ. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿರಲಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಒಂದೇ ಪಿಎನ್‌ಆರ್‌ನವರಿಗೆ ಕಂಪನಿಯೇ ಮುಂದಿನ ವಿಮಾನ ಹುಡುಕಿ ಕೊಡುತ್ತದೆ. ಬೇರೆ ಬೇರೆ ಟಿಕೆಟ್ ಕೊಂಡು ನಾಲ್ಕು ಸಾವಿರ ಉಳಿಸಿದವರು ಹೊಸ ಟಿಕೆಟ್ಟಿಗೆ ಲಕ್ಷ ಕೊಡಬೇಕಾದೀತು.

ಅಮೆರಿಕದೊಳಗೇ ವಿಮಾನ ಬದಲಿಸುವ ದಾರಿಯಾದರೆ, ನ್ಯೂಯಾರ್ಕ್ ಅಥವಾ ಷಿಕಾಗೋದಲ್ಲಿ, ಇಮಿಗ್ರೇಷನ್ ಅಲ್ಲಿಯೇ ಮುಗಿಸಬೇಕು. ಸಾಮಾನ್ಯವಾಗಿ ಪೆಟ್ಟಿಗೆಯನ್ನೂ ಅಲ್ಲೇ ತೆಗೆದುಕೊಂಡು, ಕಸ್ಟಮ್ಸ್ ದಾಟಿಸಿ, ಮತ್ತೆ ಒಪ್ಪಿಸಬೇಕು. ಅಂಥ ಕಡೆ ಮೂರು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಅಬುಧಾಬಿಯಲ್ಲಿ ಇದಕ್ಕೆ ತಿರುವುಮುರುವು: ಅಮೆರಿಕದ ಇಮಿಗ್ರೇಷನ್ ಅಧಿಕಾರಿಗಳು ಅಲ್ಲಿಯೇ ಕೂತಿರುತ್ತಾರೆ, ವಿಮಾನ ಹತ್ತುವ ಮುಂಚೆಯೇ ಪರಿಶೀಲನೆ ಮುಗಿಯುತ್ತದೆ, ಅಮೆರಿಕದಲ್ಲಿ ಇಳಿದವರು ದೇಶದೊಳಗಿನ ಪ್ರಯಾಣಿಕರಂತೆ ಹೊರಬರಬಹುದು. ಆದರೆ ಆ ಸಾಲಿಗೆ ಹೊತ್ತು ಬೇಕಾಗುವುದು ಅಬುಧಾಬಿಯಲ್ಲಿ, ಕಾಯುವ ಗಂಟೆಗಳನ್ನು ಅಲ್ಲಿ ಹೆಚ್ಚಿಡಿ. ಯುರೋಪಿನ ನಿಲ್ದಾಣದಲ್ಲಿ ಬದಲಿಸುವವರು ಟ್ರಾನ್ಸಿಟ್ ವೀಸಾ ನಿಯಮವನ್ನು ಆ ದೇಶದ ಅಧಿಕೃತ ತಾಣದಲ್ಲಿ ಒಮ್ಮೆ ಓದಿಕೊಳ್ಳಿ.

ಗಡಿಯಾರದ ಲೆಕ್ಕ

ಯುಟಿಸಿ ಅಂದರೆ ಇಡೀ ಜಗತ್ತು ಆಧಾರವಾಗಿ ಇಟ್ಟುಕೊಂಡ ಹೊತ್ತು. ಭಾರತದ ಹೊತ್ತು ಅದಕ್ಕಿಂತ ಐದೂವರೆ ಗಂಟೆ ಮುಂದು, ವರ್ಷಪೂರ್ತಿ. ಕ್ಯಾಲಿಫೋರ್ನಿಯಾ ಯುಟಿಸಿಗಿಂತ ಚಳಿಗಾಲದಲ್ಲಿ ಎಂಟು ಗಂಟೆ ಹಿಂದೆ, ಬೇಸಿಗೆಯಲ್ಲಿ ಏಳು ಗಂಟೆ ಹಿಂದೆ. ಹಾಗಾಗಿ ನಮಗೂ ಅವರಿಗೂ ಅಂತರ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಅಲ್ಲಿ ಗಡಿಯಾರ ಮುಂದೆ ಹೋಗುವುದು ಮಾರ್ಚ್ ತಿಂಗಳ ಎರಡನೆಯ ಭಾನುವಾರ, ಹಿಂದೆ ಬರುವುದು ನವೆಂಬರ್ ತಿಂಗಳ ಮೊದಲ ಭಾನುವಾರ. 2026ರಲ್ಲಿ ಮಾರ್ಚ್ 8 ಮತ್ತು ನವೆಂಬರ್ 1.

ಫೋನ್ ಮಾಡುವ ಮುಂಚೆ ಬಾಯಿಲೆಕ್ಕ: ನಮ್ಮ ಹೊತ್ತಿನ ಬೆಳಿಗ್ಗೆ–ರಾತ್ರಿ ಅದಲುಬದಲು ಮಾಡಿ, ಬೇಸಿಗೆಯಾದರೆ ಅರ್ಧ ಗಂಟೆ ಕಳೆಯಿರಿ, ಚಳಿಗಾಲವಾದರೆ ಒಂದೂವರೆ. ಇಲ್ಲಿ ಬೆಳಿಗ್ಗೆ ಎಂಟಾದರೆ ಅಲ್ಲಿ ಬೇಸಿಗೆಯಲ್ಲಿ ಹಿಂದಿನ ರಾತ್ರಿ ಏಳೂವರೆ, ಚಳಿಗಾಲದಲ್ಲಿ ಆರೂವರೆ.

ಟಿಕೆಟ್ಟಿನ ಎರಡು ಗಡಿಯಾರಗಳಿಂದ ನಿಜವಾದ ಹೊತ್ತು ತೆಗೆಯಬೇಕಾದರೆ ಎರಡನ್ನೂ ಯುಟಿಸಿಗೆ ತನ್ನಿ. ಬೇರೆ ಅಡ್ಡದಾರಿ ಹಿಡಿದವರು ಕೂಡುವ ಬದಲು ಕಳೆಯುತ್ತಾರೆ. ಉದಾಹರಣೆಗೆ, ಬೇಸಿಗೆಯ ಒಂದು ಸೋಮವಾರ ಮಧ್ಯಾಹ್ನ 2:00ಕ್ಕೆ ಬೆಂಗಳೂರು ಬಿಡುತ್ತೀರಿ. ಐದೂವರೆ ಕಳೆದರೆ ಯುಟಿಸಿ ಬೆಳಿಗ್ಗೆ 8:30. ಅದಕ್ಕೆ 16:15 ಕೂಡಿದರೆ ಮಂಗಳವಾರ 0:45. ಏಳು ಗಂಟೆ ಕಳೆದರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೋಮವಾರ ಸಂಜೆ 5:45. ಗಡಿಯಾರದ ಪ್ರಕಾರ ಮೂರೂಮುಕ್ಕಾಲು ಗಂಟೆ.

ವಾಪಸ್ ಬರುವಾಗ ಆ ಲಾಭವನ್ನೆಲ್ಲ ಕಕ್ಕಬೇಕು. ಸೋಮವಾರ ರಾತ್ರಿ 8:00ಕ್ಕೆ ಹೊರಟರೆ ಯುಟಿಸಿ ಮಂಗಳವಾರ 3:00. 17:45 ಕೂಡಿದರೆ ಮಂಗಳವಾರ ರಾತ್ರಿ 8:45. ಐದೂವರೆ ಸೇರಿಸಿದರೆ ಬೆಂಗಳೂರಿನಲ್ಲಿ ಬುಧವಾರ ನಸುಕಿನ 2:15. ಮಂಗಳವಾರ ಎಂಬುದು ಬಹುಪಾಲು ಕಳೆದೇ ಹೋಯಿತು. ಟಿಕೆಟ್ಟಿನಲ್ಲಿ ಇಳಿಯುವ ಹೊತ್ತಿನ ಪಕ್ಕ ಸಣ್ಣದಾಗಿ +2 ಎಂದು ಬರೆದಿರುವುದು ಇದನ್ನೇ. ಅದನ್ನು ನೋಡದೆ ಮಂಗಳವಾರಕ್ಕೆ ಟ್ಯಾಕ್ಸಿ ಹೇಳುವವರಿದ್ದಾರೆ, ಮಂಗಳವಾರ ಬೆಳಿಗ್ಗೆಯ ಮುಹೂರ್ತಕ್ಕೆ ಹೊರಟವರೂ ಇದ್ದಾರೆ.

ಇದಕ್ಕಿಂತ ಹೆಚ್ಚು ಜನ ಬೀಳುವ ಹಳ್ಳ ಇನ್ನೊಂದಿದೆ. ಟಿಕೆಟ್ಟಿನಲ್ಲಿ 'ಶುಕ್ರವಾರ 00:40' ಎಂದಿದ್ದರೆ ವಿಮಾನ ಹೊರಡುವುದು ನಮ್ಮ ಮಾತಿನ ಗುರುವಾರ ರಾತ್ರಿ. ನಿಲ್ದಾಣಕ್ಕೆ ಹೋಗಬೇಕಾದ್ದು ಗುರುವಾರ ಸಂಜೆ. ಶುಕ್ರವಾರ ರಾತ್ರಿ ಊಟ ಮುಗಿಸಿ ಹೊರಟರೆ ವಿಮಾನ ಹೋಗಿ ಹೆಚ್ಚುಕಡಿಮೆ ಒಂದು ದಿನವಾಗಿರುತ್ತದೆ. ಅಜ್ಜ ಅಜ್ಜಿಗೆ ಹೇಳುವಾಗ ತಾರೀಖಿನ ಜೊತೆಗೆ 'ಗುರುವಾರ ರಾತ್ರಿ ಎಂಟಕ್ಕೆ ಮನೆ ಬಿಡುವುದು' ಎಂದು ಕಾಗದದಲ್ಲಿ ಬರೆದುಕೊಡಿ.

ಯುರೋಪ್ ಮೂಲಕ ಹೋಗುವವರಿಗೆ ಇನ್ನೊಂದು ಸೂಕ್ಷ್ಮ. ಅಲ್ಲಿ ಗಡಿಯಾರ ಬದಲಾಗುವುದು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ, ಅಮೆರಿಕದ ದಿನಕ್ಕೆ ಹೊಂದುವುದಿಲ್ಲ. ವಿಮಾನಗಳ ಬೇಸಿಗೆ, ಚಳಿಗಾಲದ ವೇಳಾಪಟ್ಟಿಗಳೂ ಅದೇ ಭಾನುವಾರಗಳಂದೇ ಬದಲಾಗುತ್ತವೆ. ಜನವರಿಯಲ್ಲಿ ಏಪ್ರಿಲ್ ತಿಂಗಳ ಟಿಕೆಟ್ ಕೊಂಡವರು ಹೊರಡುವ ವಾರ ಹೊತ್ತನ್ನು ಇನ್ನೊಮ್ಮೆ ನೋಡಲೇಬೇಕು.

ಮಾತ್ರೆಗಳಿಗೆ ಗೋಡೆ ಗಡಿಯಾರ ಕೆಲಸಕ್ಕೆ ಬರುವುದಿಲ್ಲ. ಹೋಗುವಾಗ ಬೆಳಿಗ್ಗೆಯ ಮಾತ್ರೆ ತೆಗೆದುಕೊಂಡು, ಅಲ್ಲಿನ ಬೆಳಿಗ್ಗೆಗೆ ಕಾದರೆ ನಡುವೆ ಮೂವತ್ತೇಳೂವರೆ ಗಂಟೆಯವರೆಗೂ ಆಗಬಹುದು. ರಕ್ತದೊತ್ತಡ, ಸಕ್ಕರೆಯ ಔಷಧಿ ಇರುವವರು, ಇನ್ಸುಲಿನ್ ತೆಗೆದುಕೊಳ್ಳುವವರಂತೂ ಖಂಡಿತ, ಹೊರಡುವ ಮುಂಚೆ ವೈದ್ಯರ ಹತ್ತಿರ ಗಂಟೆ ಲೆಕ್ಕದ ಪಟ್ಟಿ ಬರೆಸಿಕೊಳ್ಳಬೇಕು. ಒಂದು ಕೈಗಡಿಯಾರವನ್ನು ಪ್ರಯಾಣ ಮುಗಿಯುವವರೆಗೂ ಭಾರತದ ಹೊತ್ತಿನಲ್ಲೇ ಇಟ್ಟುಕೊಂಡರೆ ಆ ಪಟ್ಟಿ ಅನುಸರಿಸುವುದು ಸುಲಭ. ಔಷಧಿ ಕೈಚೀಲದಲ್ಲಿರಲಿ, ಒಂದೆರಡು ದಿನಕ್ಕೆ ಹೆಚ್ಚಾಗಿಯೇ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ ಇಳಿದು, ಬದಲಿ ವಿಮಾನ ಬರುವವರೆಗೆ ಪ್ರಯಾಣಿಕರು ಅಲ್ಲೇ ಉಳಿಯಬೇಕಾಯಿತು. ಜೊತೆಗೊಂದು ಸ್ವೆಟರ್ ಇಟ್ಟುಕೊಳ್ಳಿ ಎನ್ನುವುದು ಬರೀ ಎಸಿಗೆ ಹೆದರಿ ಅಲ್ಲ.

ಮನೆಯಿಂದ ಮನೆಗೆ

ಜಯನಗರದಿಂದ ದೇವನಹಳ್ಳಿ ಕಡೆಗೆ ಸಂಜೆಯ ದಟ್ಟಣೆಯಲ್ಲಿ ಎರಡು ಗಂಟೆ, ನಡುರಾತ್ರಿಯಾದರೆ ಒಂದು ಗಂಟೆಯೇ ಸಾಕು. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೆಯ ಟರ್ಮಿನಲ್‌ಗೆ ಹೋಗಿವೆ. ಟ್ಯಾಕ್ಸಿಯವರಿಗೆ ಹತ್ತುವಾಗಲೇ ಹೇಳಿ. ಹೊರಡುವ ಮೂರು ಗಂಟೆ ಮೊದಲು ಅಲ್ಲಿರಬೇಕು. ಚೆಕ್-ಇನ್ ಕೌಂಟರ್ ಒಂದು ಗಂಟೆ ಅಥವಾ ಒಂದೂಕಾಲು ಗಂಟೆ ಮೊದಲೇ ಮುಚ್ಚುತ್ತದೆ, ಆಮೇಲೆ ಬೇಡಿಕೊಂಡರೂ ಪೆಟ್ಟಿಗೆ ತೆಗೆದುಕೊಳ್ಳುವುದಿಲ್ಲ.

ಸಾರಿನ ಪುಡಿ, ಚಟ್ನಿಪುಡಿ ಕೈಚೀಲದಲ್ಲಿ ಬೇಡ. ಅಮೆರಿಕಕ್ಕೆ ಹೋಗುವ ವಿಮಾನದ ಕೈಚೀಲದಲ್ಲಿ 350 ಮಿ.ಲೀ. ಅಳತೆಗಿಂತ ಹೆಚ್ಚು ಪುಡಿ ಇದ್ದರೆ ಬೇರೆಯಾಗಿ ತಪಾಸಣೆಯಾಗುತ್ತದೆ, ತಡೆದಿಡಲೂಬಹುದು. ಒಪ್ಪಿಸುವ ಪೆಟ್ಟಿಗೆಯಲ್ಲಿ ಕಟ್ಟಿಡಿ. ಹಸಿ ಕರಿಬೇವನ್ನು ಎಲ್ಲೂ ಇಡಬೇಡಿ. ನಿಂಬೆ, ಕಿತ್ತಳೆ ತೋಟಗಳನ್ನು ಹಾಳುಮಾಡುವ ಕೀಟ ಅದರಲ್ಲಿ ಬರುತ್ತದೆಂದು ಅಮೆರಿಕದಲ್ಲಿ ಅದಕ್ಕೆ ನಿಷೇಧವಿದೆ. ಅಡುಗೆ ಸಾಮಾನು ಇದೆಯೇ ಎಂದು ಕೇಳಿದರೆ ಇದೆ ಎಂದೇ ಹೇಳಿ. ಹೇಳಿದರೆ ಹದಿನೈದು ನಿಮಿಷದ ತಪಾಸಣೆಯಲ್ಲಿ ಮುಗಿಯಬಹುದು. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ, ಜೊತೆಗೆ ಗಂಟೆಗಟ್ಟಲೆ ಪ್ರಶ್ನೆ.

ಇಳಿದ ಮೇಲೆ ಇಮಿಗ್ರೇಷನ್ ಸಾಲು, ಪೆಟ್ಟಿಗೆ, ಕಸ್ಟಮ್ಸ್ ಸೇರಿ ಒಂದರಿಂದ ಎರಡು ಗಂಟೆ ಇಟ್ಟುಕೊಳ್ಳಿ. ಒಂದೇ ಹೊತ್ತಿಗೆ ಮೂರ್ನಾಲ್ಕು ದೊಡ್ಡ ವಿಮಾನ ಇಳಿದರೆ ಇನ್ನೂ ಹೆಚ್ಚು. ಸನ್ನಿವೇಲ್‌ಗೆ ಅಲ್ಲಿಂದ 45 ಕಿ.ಮೀ. ಆಸುಪಾಸು, ಸಂಜೆ ಆರರ ಹೊತ್ತಿಗೆ ರಸ್ತೆಯಲ್ಲಿ ಒಂದು ಗಂಟೆ. ಎಲ್ಲ ಕೂಡಿ: ಎರಡು, ಮೂರು, ಹದಿನಾರೂಕಾಲು, ಒಂದೂವರೆ, ಒಂದು. ಸುಮಾರು ಇಪ್ಪತ್ನಾಲ್ಕು ಗಂಟೆ, ಅದೂ ನೇರ ವಿಮಾನಕ್ಕೆ. ನಡುವೆ ಇಳಿಯುವ ದಾರಿಯಾದರೆ ಮೂವತ್ತು ಗಂಟೆ.

ಕರೆದೊಯ್ಯಲು ಬರುವ ಮಗನಿಗೋ ಮಗಳಿಗೋ ಟಿಕೆಟ್ಟಿನ ಹೊತ್ತು ಕಳಿಸುವ ಬದಲು ವಿಮಾನದ ಸಂಖ್ಯೆ ಕಳಿಸಿ. ವಿಮಾನ ನೆಲ ಮುಟ್ಟಿದ್ದು ಫೋನಿನಲ್ಲಿ ಕಂಡ ಮೇಲೆ ಅವರು ಸನ್ನಿವೇಲ್ ಬಿಟ್ಟರೂ, ನೀವು ಪೆಟ್ಟಿಗೆ ಎಳೆದುಕೊಂಡು ಹೊರಬರುವಷ್ಟರಲ್ಲಿ ಅಲ್ಲಿರುತ್ತಾರೆ.